ಸನ್ಮಾನಕ್ಕೆ ಬಂದ ಹನ್ನೊಂದು ಮಂದಿ

ಬಡ್ತಿ ನನಗೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಇಪ್ಪತ್ತೆರಡು ವರ್ಷ ನಂಜನಗೂಡಿನಿಂದ ಸುದ್ದಿ ಕಳಿಸಿದ್ದೇನೆ. ಒಂದೇ ಒಂದು ತಿದ್ದುಪಡಿ ಹಾಕುವ ಪ್ರಸಂಗ ಬಂದಿಲ್ಲ! ಮೈಸೂರು ಕಚೇರಿಯ ಮುಖ್ಯ ವರದಿಗಾರನ ಹುದ್ದೆಗೆ ಇದ್ದವರು ಇಬ್ಬರೇ: ನಾನು, ತಿ. ನರಸೀಪುರದ ವರದಿಗಾರ ಮಹದೇವು.

"ಜನರ ಒಡನಾಟ ಇರೋರು ಬೇಕು ಕಣ್ರೀ" ಎಂದಿದ್ದರು ಸಂಪಾದಕರು.

ಅಷ್ಟರಲ್ಲಿ ನಮ್ಮೂರಿನ ಸಂಘವೊಂದು ನನಗೆ ಸನ್ಮಾನ ಏರ್ಪಡಿಸಿತು. ಒಡನಾಟಕ್ಕೆ ಇನ್ನೇನು ಸಾಕ್ಷಿ ಬೇಕು?

ವೇದಿಕೆಯಲ್ಲಿ ಪೇಟ ತೊಡಿಸಿದರು. ಅದು ದೊಡ್ಡದಾಗಿ ಕಣ್ಣಿನವರೆಗೆ ಇಳಿಯಿತು. ಮೇಲೆತ್ತಿ ಸಭಿಕರನ್ನು ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದೇ! ಬಾರದವರ ಹೆಸರುಗಳನ್ನು ಆಹ್ವಾನ ಪತ್ರಿಕೆಯಲ್ಲಿ ಓದಿದೆ. ಒಬ್ಬೊಬ್ಬರ ಮೇಲೂ ನಾನು ಒಂದೊಂದು ಸುದ್ದಿ ಬರೆದಿದ್ದೆ. ಎಲ್ಲವೂ ನಿಜ. ಅದೇ ತೊಂದರೆ!

ಸಂಘದ ಅಧ್ಯಕ್ಷ ಪುಟ್ಟಸ್ವಾಮಿ ಕಿವಿಯ ಬಳಿ ಬಗ್ಗಿದ. "ಕಿಕ್ಕಿರಿದ ಸಭೆ ಅಂತ ಆಕ್ಬುಡಿ ಸಾ. ಇನ್ನೂರು ಕುರ್ಚಿ ತಂದಿಲ್ವಾ? ಕುರ್ಚಿ ಬಂದ್ಮೇಲೆ ಜನ ಬಂದಂಗೇ!"

ತಾಲ್ಲೂಕಿನ ಸುದ್ದಿಗೆ ನಾನೊಬ್ಬನೇ ಆದ್ದರಿಂದ ನನ್ನ ಸನ್ಮಾನದ ವರದಿಯೂ ನನ್ನದೇ ಹೊಣೆ. ಮನೆಗೆ ಬಂದು '11 ಮಂದಿ ಹಾಜರಿದ್ದರು' ಎಂದು ಟೈಪ್ ಮಾಡಿದೆ. ಹೆಂಡತಿ ಗಿರಿಜಾ ಇಣುಕಿದಳು.

"ಶಾಮಿಯಾನ ಹಾಕಿದೋರಿಬ್ರನ್ನೂ ಸೇರಿಸಿದ್ರಾ?"

"ಸೇರಿಸಿಯೇ ಹನ್ನೊಂದು."

"ಕೊನೇಲಿ ಒಂದು ಸೊನ್ನೆ ಹಾಕಿದ್ರೆ ನಿಮ್ಮ ಕೈ ಸವೆದೋಗುತ್ತಾ? ಮೈಸೂರಿಗೆ ಹೋಗ್ಬೌದು ಕಣ್ರೀ!"

ಹಾಕಲಿಲ್ಲ. ಬೆರಳು ಸೊನ್ನೆಯ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ಬೆಳಿಗ್ಗೆ ಸಂಪಾದಕರ ಫೋನ್. "ಏನ್ರೀ ಇದು? ನಿಮ್ಮ ಸನ್ಮಾನಕ್ಕೆ ಜನ ಬರ್ಲಿಲ್ಲ ಅಂತ ನೀವೇ ಸುದ್ದಿ ಕೊಟ್ಟಿದ್ದೀರಾ!"

"ಎರಡು ಸಲ ಎಣಿಸಿದ್ದೀನಿ ಸಾರ್."

"ನಿಮ್ಮ ಒಡನಾಟ ಗೊತ್ತಾಯ್ತು, ಬಿಡಿ."

ಸಂಘದವರು ಮಾತು ಬಿಟ್ಟರು. ಹೋಟೆಲಿನಲ್ಲಿ ನನ್ನ ಟೇಬಲಿಗೆ ನಾನೊಬ್ಬನೇ. ಎಣಿಸುವ ಕಷ್ಟವೂ ಇಲ್ಲ!

ಹುದ್ದೆ ಮಹದೇವುಗೆ ಸಿಕ್ಕಿತು. ತಿ. ನರಸೀಪುರದಲ್ಲಿ ಅವನಿಗೆ ಬೀಳ್ಕೊಡುಗೆ ಇತ್ತು. ನಾನು ಹೋಗಲಿಲ್ಲ. ಮನೆಯಲ್ಲಿ ಆ ಪೇಟವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಮರುದಿನ ಪತ್ರಿಕೆ ಬಿಡಿಸಿದರೆ ಅವನೇ ಬರೆದ ವರದಿ: ಕಿಕ್ಕಿರಿದ ಸಭೆ. ಹಾಜರಿದ್ದ ಗಣ್ಯರ ಪಟ್ಟಿಯಲ್ಲಿ ಎರಡನೆಯ ಹೆಸರು ನನ್ನದು!

ತಿದ್ದುಪಡಿ ಹಾಕಿ ಎಂದು ಕಚೇರಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಯಾರೂ ನನ್ನನ್ನು ಗಣ್ಯ ಎಂದು ಬರೆದಿರಲಿಲ್ಲ.

ಕತ್ತರಿಸಿ ಇಟ್ಟುಕೊಂಡಿದ್ದೇನೆ.