ಐದು ಹಂತವೋ, ಏಳು ಹಂತವೋ

ಶಾಸ್ತ್ರ ಯಾವುದೇ ಆಗಲಿ, ಪಾಠಾಂತರವಿದ್ದಲ್ಲಿ ಜಗಳ ಹುಟ್ಟುತ್ತಲೇ ಇರುತ್ತದೆ; ಜಗಳದ ಮಗ್ಗುಲಲ್ಲಿ ನಗೆಯೂ. ಓಲೆಗರಿಗಳ ನಡುವೆ ಮುದುಕನಾದ ನನಗೆ ಇದು ಮತ್ತೊಮ್ಮೆ ಮನದಟ್ಟಾದದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ, ನಂಜನಗೂಡಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ.

೧. ಹಂತಗಳೆಷ್ಟು?

ತಿರುಮಕೂಡಲು ನರಸೀಪುರದ ನನ್ನ ಗೆಳೆಯ, ನಿವೃತ್ತ ಕನ್ನಡ ಪಂಡಿತ, ಸುತ್ತಲ ಊರುಗಳ ಬೇಸಾಯದ ಮಾತುಗಳನ್ನೆಲ್ಲ ಕೂಡಿಸಿ ಕೋಶವೊಂದನ್ನು ಕಟ್ಟಿದ್ದ. ಅವನ ಕಣ್ಣು ಮಂಕಾಗುತ್ತಿತ್ತು. ಪೂರ್ತಿ ಆರುವ ಮೊದಲು ಆ ಕೋಶವನ್ನು ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಒಮ್ಮೆ ಓದಬೇಕೆಂಬುದೊಂದೇ ಅವನ ಆಸೆ. ಕೇಂದ್ರ ನಡೆಸುತ್ತಿದ್ದ ಅಣ್ಣತಮ್ಮಂದಿರು ಒಪ್ಪಿದರು. ತಂತ್ರಾಂಶ ಕಟ್ಟುವುದಕ್ಕೆ ಜಲಪಾತ ಮಾದರಿಯೆಂಬುದೊಂದಿದೆಯಂತೆ. ಒಂದು ಹಂತ ಮುಗಿದ ಮೇಲೆಯೇ ಅದರ ಕೆಳಗಿನದು. ಅಣ್ಣನ ಪುಸ್ತಕದಲ್ಲಿ ಹಂತಗಳು ಏಳು, ತಮ್ಮನ ಪುಸ್ತಕದಲ್ಲಿ ಐದು.

"ಐದರದ್ದೇ ಮಾಡ್ರಪ್ಪ, ಬೇಗ ಮುಗೀತದೆ," ಎಂದ ಗೆಳೆಯ.

"ಹೆಜ್ಜೆ ಕಮ್ಮಿ ಮಾಡುದ್ರೆ ದಾರಿ ಕಮ್ಮಿ ಆಯ್ತದಾ ಸಾ?" ಎಂದ ಅಣ್ಣ.

ಎಷ್ಟು ಹಂತವೆಂಬ ಚರ್ಚೆಯೇ ಮೊದಲ ಹಂತವಾಗಿ, ಅದು ಮುಗಿಯುವಷ್ಟರಲ್ಲಿ ಬೇಸಿಗೆ ಕಳೆಯಿತು.

೨. ಹಿಂದಕ್ಕೆ ಹತ್ತದ ನೀರು

ಹೆಬ್ಬೆರಳ ಉಗುರಿನಷ್ಟು ಅಕ್ಷರ ಸಾಕೆಂದಿದ್ದ ಗೆಳೆಯ, ಮಳೆಗಾಲದ ಕೊನೆಗೆ ಅಂಗೈಯಷ್ಟು ಬೇಕೆಂದ.

"ಏನು ಬೇಕು ಅಂತ ಕೇಳೋ ಹಂತ ಮುಗ್ದೋಯ್ತು ಸಾ. ಜಲಪಾತದ ನೀರು ಹಿಂದಕ್ಕೆ ಹತ್ತುತದಾ?" ಎಂದ ಅಣ್ಣ.

"ನನ್ನ ಪುಸ್ತಕದಲ್ಲಿ ಹಿಂದಕ್ಕೂ ಬಾಣದ ಗುರುತು ಹಾಕವ್ರೆ ಕಣಣ್ಣ," ಎಂದ ತಮ್ಮ.

"ಅದು ಜಲಪಾತ ಅಲ್ಲ ಕಣ್ಲಾ, ನೀರೆತ್ತೋ ಏತ!"

ಗೆಳೆಯ ಕನ್ನಡಕ ಒರೆಸಿಕೊಂಡ. "ನನ್ನ ಕಣ್ಣು ನಿಮ್ಮಣ್ಣನ ಪುಸ್ತಕದ ಪ್ರಕಾರ ನಡೀತಾ ಇದೆ ಕಣಪ್ಪ. ಹಿಂದಕ್ಕೆ ಬರೋ ಬಾಣವೇ ಇಲ್ಲ."

೩. ಮುಗಿಯದ ಹಂತ

ಎರಡು ಪುಸ್ತಕಗಳೂ ಒಮ್ಮತಕ್ಕೆ ಬಂದದ್ದು ಕೊನೆಯ ಹಂತದಲ್ಲಿ ಮಾತ್ರ: ನಿರ್ವಹಣೆ. ಕಟ್ಟಿದ್ದು ಬಾಳುವಷ್ಟು ಕಾಲವೂ ಅದನ್ನು ರಿಪೇರಿ ಮಾಡುತ್ತಲೇ ಇರಬೇಕು.

"ನನ್ನನ್ನ ಕಟ್ಟಿಕೊಂಡವಳೂ ಹಂಗೇ ಅಂತಿದ್ದಳು," ಎಂದ ಗೆಳೆಯ. "ನಾನಿನ್ನೂ ಕೆಡ್ತಾನೇ ಇದೀನಿ, ರಿಪೇರಿಯವಳು ಹೊರಟುಹೋದಳು."

೪. ಪರೀಕ್ಷೆ

ಕೊನೆಗೂ ಕೋಶ ಸಿದ್ಧವಾಯಿತು. ಬಳಸುವವನೇ ನೋಡಿ ಒಪ್ಪಬೇಕಾದ ದಿನ, ಬಸ್ಸಿನಿಂದಿಳಿದ ಗೆಳೆಯ ಕೇಂದ್ರ ಮುಟ್ಟುವವರೆಗೂ ನನ್ನ ತೋಳನ್ನು ಬಿಡಲಿಲ್ಲ. ಯಂತ್ರ ಗುಂಯ್‌ಗುಟ್ಟತೊಡಗಿದೊಡನೆ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, "ಆಹಾ! ಮುತ್ತು ಪೋಣಿಸಿದ ಹಂಗಿದೆ. ಅಂಗೈಯಷ್ಟೇ ಇದೆ!" ಎಂದ.

ತಮ್ಮ ಇನ್ನೂ ಪರದೆಯ ಗುಂಡಿಯನ್ನೇ ಒತ್ತಿರಲಿಲ್ಲ.

ತಮಾಷೆಯೆಂದು ಎಲ್ಲರೂ ನಕ್ಕೆವು. ಆಮೇಲೆ ಪರದೆ ಬೆಳಗಿತು. ಅಂಗೈಯಗಲದ ಅಕ್ಷರಗಳು ಮೂಡಿದವು. ಗೆಳೆಯ ಪಕ್ಕದ ಗೋಡೆಯನ್ನೇ ನೋಡುತ್ತ ತಲೆದೂಗುತ್ತಿದ್ದ. ಒಬ್ಬೊಬ್ಬರ ನಗೆಯೂ ನಿಂತಿತು.

ಹಿಂದಕ್ಕೆ ಹೋಗಲಾಗದೆಂದಿದ್ದ ಅಣ್ಣನೇ ಬಾಯಿಬಿಟ್ಟ: "ಮೊದಲ್ನೇ ಹಂತಕ್ಕೇ ಹೋಗುಮ ಕಣ್ಲಾ. ಒಂದೊಂದು ಪದಾನೂ ನಾವೇ ಓದಿ ರೆಕಾರ್ಡ್ ಮಾಡುಮ. ಮೇಷ್ಟ್ರು ಕೇಳಿಸ್ಕೊಳ್ಳಲಿ."

ಗೆಳೆಯ ಗೋಡೆಯತ್ತ ಕೈಮುಗಿದ.

"ಹಂಗಾದ್ರೆ ಐದು ಹಂತದ್ದೇ ಮಾಡ್ರಪ್ಪ. ಕಿವಿನೂ ಹೊರಡೋ ಸನ್ನಾಹದಲ್ಲಿದೆ."