ಮೊದಲ ನಿಮ್ಮ ಕುದುರಿ ಹೋಗ್ಲಿ

ಮರ್ಯಾದಿಯಿಂದ ಆಗೋವಷ್ಟು ಫಜೀತಿ ಜಗಳದಿಂದ ಆಗಂಗಿಲ್ಲ. ಇದು ನಾ ವರ್ಷಾ ವರ್ಷಾ ಕಂಡ ಮಾತು. ಇನ್ನಾ ಮೈಸೂರು ರಾಜ್ಯ ಅಂತಿದ್ದ ಕಾಲ, ನಾ ಶಹಾಬಾದದ ಸಾಲ್ಯಾಗ ಡ್ರಿಲ್ ಮಾಸ್ತರ. ಸುಗ್ಗಿ ಮುಗಿದ ಮ್ಯಾಲ ನಮ್ಮ ಕಡಿ ತಾಲೂಕಿಗೊಂದು ದನಗಳ ಪ್ರದರ್ಶನ ಆಗ್ತಿತ್ತು. ಅದರಾಗ ಕುಣಿಯೋ ಕುದುರಿಗಳ ಪಂದ್ಯಾನೂ ಇರ್ತಿತ್ತು. ಮದುವಿ ಮೆರವಣಿಗ್ಯಾಗ ಹಲಗಿ ಬಡಿತಕ್ಕ ಹೆಜ್ಜಿ ಹಾಕ್ತಾವಲ್ಲ, ಅವೇ ಕುದುರಿ. ಪಂದ್ಯಕ್ಕ ಇಳಿಯೋಕಿಂತ ಮೊದಲ ಬಾಜೂ ಬಯಲಾಗ ಅವುಗಳ ಮೈ ಸಡಿಲ ಮಾಡಿಸಬೇಕು. ಆ ಬಯಲಿಗೆ ಶಿಸ್ತು ತರೋ ಕೆಲಸ ನನಗ ಹಚ್ಚಿದರು, ಯಾಕಂದ್ರ ನನ್ನ ಹಂತ್ಯಾಕ ಸೀಟಿ ಇತ್ತು. ಕುದುರಿ ಬಗ್ಗೆ ನನಗ ಗೊತ್ತಿದ್ದದ್ದು ಒಂದೇ: ಹಿಂದ ನಿಲ್ಲಬಾರದು.

ಸೇಡಂ: ಒಂದೇ ಹಲಗಿ

ಎಲ್ಲಾರೂ ಕೂಡಿ ಹಲಗಿ ಬಾರಿಸಿದರ ಗದ್ದಲ ಆಗ್ತದಂತ, ಒಬ್ಬರಾದ ಮ್ಯಾಲ ಒಬ್ಬರು ಬಾರಿಸಬೇಕಂತ ನಾ ಕಾಯ್ದಾ ಮಾಡ್ದೆ. ಮಂದಿ ಭಾಳ ಸಮಾಧಾನದಿಂದ ಒಪ್ಪಿದರು. ಕುದುರಿಗಳನ್ನ ಯಾರು ಕೇಳಬೇಕು? ಮೊದಲನೇ ಹಲಗಿ ಶುರುವಾಗೋದೇ ತಡ, ಬಯಲಾಗಿನ ಎಲ್ಲಾ ಕುದುರಿ ಕುಣೀಲಿಕತ್ತವು. ರಸ್ತಾದ ಮ್ಯಾಲ ಟೇಶನ್ನಿಗೆ ಹೊಂಟ ಟಾಂಗಾದ ಕುದುರಿ ಹಿಂದಕ ಮದುವ್ಯಾಗ ಕುಣಿದದ್ದಂತ. ಅದೂ ನಿಂತಲ್ಲೇ ಹೆಜ್ಜಿ ಹಾಕ್ತು. ಟಾಂಗಾದಾಗಿನ ಮುದುಕಿ ಗಂಟು ಬಗಲಾಗಿಟ್ಟುಕೊಂಡು ಇಳಿದು ನನ್ನ ಹತ್ರ ಬಂದಳು.

"ಮಾಸ್ತರ, ಮದುವಿ ಮುಗದದಂತ ಅದಕ್ಕ ಯಾರರೆ ಹೇಳ್ರಿ. ನನ್ನ ರೈಲು ಹೋಗ್ತದ."

ಚಿತ್ತಾಪುರ: ತಪ್ಪು ಯಾರದು

ಇಲ್ಲಿ ಎಲ್ಲಾರೂ ಎಡಗಡಿಯಿಂದ ಹೋಗಬೇಕಂತ ಹೇಳ್ದೆ. ಕಾಳಗಿ ಗೌಡರು ಕುದುರಿ ಏರಿದ್ದರು, ಅವರ ಎಡಗಡಿ ಸರಳ. ವಾಡಿ ಸಾವ್ಕಾರರು ಮಾತ್ರ ಕುದುರಿ ಕಡಿ ಮುಖಾ ಮಾಡಿ, ಲಗಾಮು ಹಿಡಿದು ಹಿಂದ ಹಿಂದಕ ನಡೀತಿದ್ದರು. ಅವರ ಎಡಗಡಿ ಬ್ಯಾರೆನೇ ಆತು. ಎರಡೂ ಕುದುರಿ ಢಿಕ್ಕಿ ಹೊಡೆದವು. ಗೌಡರು ಇಳಿದು ತಪ್ಪು ನಂದು ಅಂದರು. ಸಾವ್ಕಾರರು ಕೈ ಮುಗಿದು, ಇಲ್ಲ, ನಂದು ಅಂದರು. ಹಂಗಂದ್ರ ನಾ ಸುಳ್ಳು ಹೇಳ್ತೀನೇನು ಅಂತ ಗೌಡರಿಗೆ ಸಿಟ್ಟು ಬಂತು. ದನಿ ಏರಿತು, ತಲಿ ಮ್ಯಾಲಿನ ಪಟಗಾ ಬಿಚ್ಚಿ ಬಿತ್ತು, ನಾ ಸೀಟಿ ಊದ್ಕೋತ ನಡುವ ಹೋದೆ. ಕ್ಷಮಾ ಕೇಳಲಿಕ್ಕೂ ಬಿಡಲಿಲ್ಲಂತ ಇಬ್ಬರೂ ಒಬ್ಬರ ಕೂಡ ಒಬ್ಬರು ಭಾಳ ದಿನ ಮಾತು ಬಿಟ್ಟಿದ್ದರು.

ಚಿಂಚೋಳಿ: ಚಾಚಾನ ಕುದುರಿ

ಚಿಮ್ಮನಚೋಡದ ಕಡಿಯಿಂದ ಒಬ್ಬ ವಯಸ್ಸಾದ ಚಾಚಾ ಬಿಳೇ ಹೆಣ್ಣು ಕುದುರಿ ತರ್ತಿದ್ದ. ಆ ಸಲ ಅವ ನನ್ನನ್ನ ಬೇಲಿ ಮಗ್ಗಲಕ್ಕ ಕರದ.

"ಮಾಸ್ತರ, ನಿಮ್ಮ ಹೊಟ್ಟ್ಯಾಗ ಇರ್ಲಿ. ಅಕಿಗಿ ಈಗ ಕಣ್ಣು ಕಾಣಂಗಿಲ್ಲ."

ಇದು ಗೊತ್ತಾದರ ಪಂದ್ಯಕ್ಕ ಬಿಡಂಗಿಲ್ಲ. ಬಹುಮಾನ ಬರಲಿಲ್ಲಂದ್ರ ಕಲ್ಲಿನ ಖಣಿಯೊಳಗ ಬಂಡಿಗೆ ಹೂಡ್ತೀನಂತ ಅವನ ಮಗ ಹಟ ಹಿಡದಾನ. ಹಲಗಿ ದನಿ ಹಿಡಿದು ಅಕಿ ಇನ್ನಾ ಛಂದ ಕುಣೀತಾಳ, ಖರೆ ಬಾಜೂಕ ಮತ್ತೊಂದು ಕುದುರಿ ಹಾದರ ಬೆಚ್ಚಿ ಬೀಳ್ತಾಳ. ಬಯಲು ಖಾಲಿ ಆದಾಗ ಒಂದು ಸುತ್ತು ಹಾಕ್ತೀನಂತ ಕೇಳ್ಕೊಂಡ. ನಾ ಹೂಂ ಅಂದೆ.

ಚಾಚಾ ಬದಿಗೆ ನಿಂತು, ಮೊದಲ ನಿಮ್ಮ ಕುದುರಿ ಹೋಗ್ಲಿ ಅಂತ ಎಲ್ಲಾರಿಗೂ ದಾರಿ ಬಿಟ್ಟ. ಹಿರಿಯಾ ಇಷ್ಟು ಮರ್ಯಾದಿ ಮಾಡಾಕತ್ತಾನ, ಅವನಕಿಂತ ಮೊದಲ ನಾವು ಹ್ಯಾಂಗ ಹೋಗಬೇಕಂತ ಅವರೂ ನಿಂತರು. ಒಬ್ಬರೂ ಹೋಗವಲ್ಲರು, ಒಬ್ಬರೂ ಜಾಗಾ ಬಿಡವಲ್ಲರು. ನಾ ಸೀಟಿ ಊದಿ ಊದಿ ಗಂಟಲ ಒಣಗಿಸಿಕೊಂಡೆ. ಅಷ್ಟರಾಗ ಪಂದ್ಯದ ಕಣದಿಂದ ಚಾಚಾನ ಹೆಸರೇ ಕೂಗಿದರು. ಕುದುರಿ ಒಂದು ಸುತ್ತೂ ಹಾಕಿರಲಿಲ್ಲ.

ಕಣದಾಗ ಹಲಗಿಯವ ಹಿಂದ ಹಿಂದಕ ನಡಕೋತ ಬಾರಿಸಿದ. ಅಕಿ ಆ ದನಿ ಬೆನ್ನು ಹತ್ತಿ ಎಂಥಾ ಛಂದ ಕುಣಿದಳು. ಆಗ ಮುಖ್ಯ ಅತಿಥಿ, ದೊಡ್ಡ ಸಾಹೇಬರು, ತಡಾ ಮಾಡಿ, ಹಲಗಿಯವನ ಬೆನ್ನ ಹಿಂದಿನ ಬಾಗಿಲದಾಗ ಬಂದರು. ದಾರಿ ಬಿಡೋ ಅಂತ ಯಾರೋ ಅಂದರು. ಹಲಗಿಯವ ಮರ್ಯಾದಿಯಿಂದ ಕೈ ನಿಲ್ಲಿಸಿ ಬದಿಗೆ ಸರದ. ಮುಗೀತು ಕಥಿ ಅಂತ ನಾ ಕಣ್ಣು ಮುಚ್ಚಿದೆ.

ಹಲಗಿ ನಿಂತರ ಮುಂದಿನ ಕಾಲು ಮಡಚಿ ಸಲಾಮು ಮಾಡಬೇಕಂತ ಆ ಕುದುರಿಗೆ ಮೊದಲಿಂದ ಕಲಿಸಿದ್ದರು. ಅಕಿ ಸಾಹೇಬರ ಬೂಟಿನ ಮುಂದೇ ಕಾಲು ಮಡಚಿ ತಲಿ ಬಗ್ಗಿಸಿದಳು.

ಸಾಹೇಬರು ಕರಗಿ ಹೋದರು. ಇವತ್ತಿನ ಮನುಷ್ಯಾರಿಗೇ ಇಲ್ಲದ ಸಂಸ್ಕಾರ ಅಂತ ಅಲ್ಲೇ ಮೊದಲನೇ ಬಹುಮಾನ ಸಾರಿದರು. ಚಾಚಾನ ಮಗ ತಾನೇ ಓಡಿ ಬಂದು ಕುದುರಿಗೆ ಶಾಲು ಹೊದಿಸಿದ. ಬಂಡಿ ಮಾತು ಅಲ್ಲಿಗೇ ಮುಗೀತು. ನನ್ನ ಕಣ್ಣಾಗ ನೀರು ಬಂತು, ಸುಳ್ಳು ಯಾಕ ಹೇಳಲಿ.

ಸಾಹೇಬರು ಚಾಚಾನ ಹೆಗಲ ಮ್ಯಾಲ ಕೈ ಇಟ್ಟು, ಇಷ್ಟು ಮಂದ್ಯಾಗ ನಾನೇ ದೊಡ್ಡಾಂವ ಅಂತ ಅದಕ್ಕ ಹ್ಯಾಂಗ ಗೊತ್ತಾತು ಅಂತ ಕೇಳಿದರು.

ಚಾಚಾ ಕುದುರಿ ಕುತ್ತಿಗಿ ಸವರಿ, ತಲಿ ಬಗ್ಗಿಸಿ ಅಂದ:

"ಸಾಹೇಬ್ರ, ನಮ್ಮ ಕುದುರಿ ಮುಖಾ ನೋಡಿ ಮರ್ಯಾದಿ ಕೊಡಂಗಿಲ್ಲರಿ."