ಹೊಂಗೆ ಮರದ ಪಾಲು

ನಲ್ಲಪ್ಪ: ಮರಕ್ಕೆ ಪಾಲು ಕೊಡಬೇಕಂತೆ ಕಣೇ. ಮನುಷ್ಯರು ಬದುಕೋ ಕಾಲವಾ ಇದು?

ಅನಸೂಯಮ್ಮ: ಯಾವ ಮರಕ್ಕೆ ರೀ?

ನಲ್ಲಪ್ಪ: ಮುಂದಗಡೆ ನಿಂತೈತಲ್ಲ, ಅದಕ್ಕೇ.

ಅನಸೂಯಮ್ಮ ಅವರೆಕಾಯಿ ಸುಲಿಯುವುದನ್ನು ಬಿಟ್ಟರು. ಶಿಡ್ಲಘಟ್ಟದ ಬಿಸಿಲಿಗೆ ಆ ಹೊಂಗೆಯ ನೆರಳೇ ಅವರ ಪಾಲಿನ ಸ್ವರ್ಗ. ಈ ಪುಣ್ಯಾತ್ಮರೋ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ತಂದು, ಅದಕ್ಕೆ ಶೆಡ್ ಬೇಕೆಂದು ಮರಕ್ಕೇ ಗರಗಸ ಹಾಕಿಸಲು ಹೊರಟಿದ್ದರು. ಬೇಡಿ, ಬೈದು, ಉಪ್ಪಿಲ್ಲದ ಸಾರು ಬಡಿಸಿ ನೋಡಿದ್ದಾಯಿತು. ಆಸಾಮಿ ಜಗ್ಗಲಿಲ್ಲ.

ನಲ್ಲಪ್ಪ: ವಾಟ್ಸಪ್ಪಲ್ಲಿ ಬಂದೈತೆ, ಕೇಳು. 'ನಿಮ್ಮ ವಾರ್ಡಿನ ಮರಗಳ ದತ್ತಾಂಶ ಈಗ ಎಲ್ಲರಿಗೂ ಮುಕ್ತ.' ದತ್ತು, ಅಂಶ. ಅಂಶ ಅಂದ್ರೆ ಪಾಲು. ದತ್ತು ತಗೊಂಡ್ರು, ಅಂಶ ಕೊಟ್ರು. ದಿಬ್ಬೂರಹಳ್ಳಿಲಿ ನಮ್ಮ ದೊಡ್ಡಪ್ಪ ಆ ಮುನಿವೆಂಕಟಪ್ಪನ್ನ ದತ್ತು ತಗೊಂಡಿದ್ದಕ್ಕೇ ತಾನೆ ಅರ್ಧ ಹಿಪ್ಪುನೇರಳೆ ತೋಟ ಹೋಗಿದ್ದು?

ವಾರ್ಡಿನ ಮರ ಎಣಿಸಿದ್ದೇ ಅನಸೂಯಮ್ಮನ ಮಹಿಳಾ ಸಂಘ. ಟೇಪು ಹಿಡಿದಿದ್ದೂ ಅವರೇ. ದತ್ತಾಂಶವೆಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ಈ ಹೆದರಿಕೆಗಾದರೂ ಮರ ಉಳಿದೀತೆಂದು, ಹೇಳಲು ಮಾತ್ರ ಮನಸ್ಸು ಬರಲಿಲ್ಲ.

ಅನಸೂಯಮ್ಮ: ಹೌದಲ್ರೀ. ಸುತ್ತಳತೆನೂ ತಗೊಂಡ್ರು.

ನಲ್ಲಪ್ಪ: ಸುತ್ತಳತೆ ಯಾಕೆ?

ಅನಸೂಯಮ್ಮ: ದಪ್ಪ ನೋಡ್ದೆ ಪಾಲು ಹಾಕ್ತಾರಾ?

ನಲ್ಲಪ್ಪ: ಹೆಸ್ರು ಬರ್ಕೊಂಡ್ರಾ?

ಅನಸೂಯಮ್ಮ: ಹೊಂಗೆಗೆ ಇಂಗ್ಲಿಷಲ್ಲಿ ಪೊಂಗಾಮಿಯ ಅಂತ ಏನೋ ಬರ್ಕೊಂಡ್ರು.

ನಲ್ಲಪ್ಪ: ಇನಿಷಿಯಲ್ಲು?

ಅನಸೂಯಮ್ಮ: ಎನ್. ನಿಮ್ದೇ.

ನಲ್ಲಪ್ಪ: ಸರಿಪೋಯಿಂದಿ.

ಬಾಯಿಗೆ ತೆಲುಗು ಬಂತೆಂದರೆ ನಲ್ಲಪ್ಪ ನಿಜಕ್ಕೂ ಹೆದರಿದ್ದಾರೆ ಎಂದು ಲೆಕ್ಕ. ಅನಸೂಯಮ್ಮ ಒಳಗೊಳಗೇ ಹಿಗ್ಗಿದರು. ಹಿಗ್ಗಿದ್ದು ಅತಿಯಾಯಿತು.

ನಲ್ಲಪ್ಪ: ಹಂಗಾದ್ರೆ ಈವತ್ತೇ ಕುಯ್ಸಿಬಿಡಣ. ವಾರಸುದಾರನೇ ಇಲ್ದಿದ್ರೆ ಪಾಲು ಯಾರಿಗೆ?

ಅನಸೂಯಮ್ಮ ತಡೆಯುವಷ್ಟರಲ್ಲಿ ನಲ್ಲಪ್ಪ ಫೋನು ತೆಗೆದಿದ್ದರು. ಫೋನು ಮಾಡಿದ್ದೇ ತಡ, ಸಾಮಿಲ್ಲಿನ ಗೌಸ್ ಪೀರ್ ಮರ ಕುಯ್ಯುವ ಮಿಷಿನ್ ಸಮೇತ ಬಂದಿಳಿದರು. ಆದರೆ ಮಿಷಿನ್ ಕೆಳಗಿಟ್ಟು, ಎಣಿಸುವಾಗ ಮರದ ಮೇಲೆ ಬರೆದಿದ್ದ ನಂಬರ್ ನೋಡಿ ಮೊಬೈಲ್ ಒತ್ತತೊಡಗಿದರು.

ನಲ್ಲಪ್ಪ: ಬೇಗ ಆಗ್ಲಿ ಸಾಬ್ರೆ. ದತ್ತುಮಗ ಅದು.

ಗೌಸ್ ಪೀರ್: ಏನಂದ್ರಿ?

ಅನಸೂಯಮ್ಮ: ಏನಿಲ್ಲ ಗೌಸಣ್ಣ, ಕಾಫಿ ಕುಡೀರಿ.

ನಲ್ಲಪ್ಪ: ದತ್ತಾಂಶ ಬಂದೈತಲ್ಲ ಸಾಬ್ರೆ.

ಗೌಸ್ ಪೀರ್: ಅಯ್ಯೋ ಅಣ್ಣ, ಅದು ಡೇಟಾ. ಯಾವ ಮರ ಎಲ್ಲೈತೆ, ಯಾವ ಬೀದಿಗೆ ನೆರಳಿಲ್ಲ, ಎಲ್ಲಿ ಸಸಿ ನೆಡಬೇಕು ಅಂತ. ಚಿಂತಾಮಣಿಲಿ ಕೂತೋರೂ ನೋಡ್ಬೋದು. ಮರ ಮಾಯ ಆದ್ರೆ ಮೊದ್ಲು ನನ್ನೇ ಹಿಡ್ಕೊಂತಾರೆ.

ನಲ್ಲಪ್ಪ ಹೆಂಡತಿಯತ್ತ ತಿರುಗಿದರು.

ನಲ್ಲಪ್ಪ: ಇನಿಷಿಯಲ್ ಎನ್ ಅಂದ್ಯಲ್ಲೇ?

ಅನಸೂಯಮ್ಮ: ಬಾಯಿ ತಪ್ತು.

ನಲ್ಲಪ್ಪ: ಇರ್ಲಿ, ಪಾಲಿಲ್ಲ ಅಂತಾಯ್ತಲ್ಲ. ಜಾಗ ಪೂರ್ತಿ ನಂದು. ಕುಯ್ರಿ ಸಾಬ್ರೆ.

ಗೌಸ್ ಪೀರ್: ಅಲ್ಲೇ ಎಡವಟ್ಟು ಅಣ್ಣ. ಮ್ಯಾಪಲ್ಲಿ ಮರ ರಸ್ತೆ ಜಾಗದಲ್ಲೈತೆ.

ನಲ್ಲಪ್ಪ: ನನ್ನ ಕಾಂಪೌಂಡ್ ಒಳಗೈತಲ್ಲಪ್ಪ.

ಗೌಸ್ ಪೀರ್: ಅಂದ್ರೆ ಕಾಂಪೌಂಡೂ ರಸ್ತೇಲೈತೆ.

ನಲ್ಲಪ್ಪ ಮೆಲ್ಲಗೆ ಹೋಗಿ ಗೇಟು ಮುಚ್ಚಿ ಬಂದರು.

ನಲ್ಲಪ್ಪ: ಇದು ಯಾರ್ಯಾರಿಗೆ ಕಾಣ್ಸುತ್ತೆ?

ಗೌಸ್ ಪೀರ್: ಎಲ್ರಿಗೂ. ಮುಕ್ತ ಅಂತ ಮೆಸೇಜಲ್ಲೇ ಐತಲ್ಲ.

ನಲ್ಲಪ್ಪ: ಮರ ಕುಯ್ದ್ರೆ?

ಗೌಸ್ ಪೀರ್: ಎಲ್ಲೋಯ್ತು ಅಂತ ನೋಡಕ್ಕೆ ಬರ್ತಾರೆ. ಬಂದೋರು ಕಾಂಪೌಂಡ್ ನೋಡ್ತಾರೆ.

ನಲ್ಲಪ್ಪ: ಕುಯ್ಯದಿದ್ರೆ?

ಗೌಸ್ ಪೀರ್: ನೆರಳು ಚೆನ್ನಾಗೈತೆ ಅಂತ ಅಂದ್ಕೊಂಡು ಹೋಗ್ತಾರೆ.

ನಲ್ಲಪ್ಪ ಮಿಷಿನನ್ನು ತಾವೇ ಹೊತ್ತು ಗೌಸ್ ಪೀರರ ಗಾಡಿಯಲ್ಲಿಟ್ಟರು. ಕಾರನ್ನು ತಳ್ಳಿ ಬಿಸಿಲಿಗೆ ನಿಲ್ಲಿಸಿದರು. ಆಮೇಲೆ ಮರದ ಬುಡಕ್ಕೆ ಒಂದು ಕೊಡ ನೀರು ಸುರಿದು, ಕೈಕಟ್ಟಿ ನಿಂತರು.

ಅನಸೂಯಮ್ಮ: ಏನ್ರೀ, ದತ್ತುಮಗನ ಮೇಲೆ ಇಷ್ಟೊಂದು ಪ್ರೀತಿ?

ನಲ್ಲಪ್ಪ: ಮೆತ್ತಗೆ ಮಾತಾಡೇ. ಮಗ ಅಲ್ಲ, ಈ ಜಾಗದ ಓನರ್ರು.